‘ಹ್ಯಾವ್ ಡನ್’ ಎಲ್ಲಿ, ‘ಹ್ಯಾವ್ ಬೀನ್ ಡೂಯಿಂಗ್’ ಎಲ್ಲಿ? ಕನ್ನಡದಲ್ಲಿ ಯೋಚಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಂದು ಸಣ್ಣ ಕನ್ನಡ ವಾಕ್ಯದಿಂದ ಶುರು ಮಾಡೋಣ. ‘ನಾನು ಎರಡು ಗಂಟೆಯಿಂದ ಓದುತ್ತಿದ್ದೇನೆ.’ ಇದನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರೆ ನಮ್ಮಲ್ಲಿ ಬಹಳ ಜನರ ಬಾಯಿಗೆ ಮೊದಲು ಬರುವುದು ‘ಐ ಆಮ್ ರೀಡಿಂಗ್ ಸಿನ್ಸ್ ಟೂ ಅವರ್ಸ್’. ನಾನೂ ಎಷ್ಟೋ ವರ್ಷ ಹೀಗೇ ಹೇಳುತ್ತಿದ್ದೆ. ಇದರಲ್ಲಿ ಎರಡು ತಪ್ಪಿವೆ. ಎರಡೂ ಕನ್ನಡದಿಂದಲೇ ಬಂದವು. ‘ಓದುತ್ತಿದ್ದೇನೆ’ ಇದ್ದ ಕಡೆ ‘ಆಮ್ ರೀಡಿಂಗ್’ ಇಟ್ಟೆವು. ‘ಇಂದ’ ಇದ್ದ ಕಡೆ ‘ಸಿನ್ಸ್’ ಇಟ್ಟೆವು. ಸರಿಯಾದ ವಾಕ್ಯ ಇದು: ‘ಐ ಹ್ಯಾವ್ ಬೀನ್ ರೀಡಿಂಗ್ ಫಾರ್ ಟೂ ಅವರ್ಸ್.’

ಪ್ರೆಸೆಂಟ್ ಪರ್ಫೆಕ್ಟ್ (‘ಹ್ಯಾವ್ ಡನ್’) ಮತ್ತು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್ (‘ಹ್ಯಾವ್ ಬೀನ್ ಡೂಯಿಂಗ್’) ಎಂಬ ಕ್ರಿಯಾರೂಪಗಳನ್ನು ಕಲಿಸುವಾಗ ಸಾಮಾನ್ಯವಾಗಿ ಒಂದು ಉದ್ದದ ನಿಯಮಪಟ್ಟಿ ಕೊಡುತ್ತಾರೆ. ಪಟ್ಟಿ ಬಾಯಿಪಾಠ ಆಗುತ್ತದೆ. ಆದರೆ ಮಾತಾಡಲು ಬಾಯಿ ತೆರೆದಾಗ ಅದು ನೆನಪಿಗೆ ಬರುವುದಿಲ್ಲ. ಆ ಹೊತ್ತಿಗೆ ತಲೆಯಲ್ಲಿ ಓಡುತ್ತಿರುವುದು ಕನ್ನಡ, ಅಲ್ವಾ? ಹಾಗಾಗಿ ಇಲ್ಲಿ ಕನ್ನಡದ ಕಡೆಯಿಂದಲೇ ಹೊರಡುತ್ತೇನೆ. ಕನ್ನಡದ ಯಾವ ರೂಪ ತಲೆಗೆ ಬಂದಾಗ ಒಂದು ಕ್ಷಣ ನಿಲ್ಲಬೇಕು, ನಿಂತು ಏನು ಕೇಳಿಕೊಳ್ಳಬೇಕು, ಅದನ್ನು ಹಂತ ಹಂತವಾಗಿ ನೋಡೋಣ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸುಮ್ನೆ ಕಣ್ಣಲ್ಲಿ ಓದಿ ಮುಂದೆ ಹೋಗಬೇಡಿ, ಬಾಯಿಬಿಟ್ಟು ಹೇಳಿ. ಈ ವಿಷಯ ಕಿವಿಗೆ ಹತ್ತಿದರೆ ಮಾತ್ರ ನಾಲಿಗೆಗೆ ಬರುತ್ತದೆ.

ಓದುವಾಗ ಸುಲಭವಾಗಲಿ ಎಂದು ಮೊದಲನೆಯದನ್ನು ‘ಪರ್ಫೆಕ್ಟ್’ ಎಂದೂ ಎರಡನೆಯದನ್ನು ‘ಕಂಟಿನ್ಯುಯಸ್’ ಎಂದೂ ಕರೆಯುತ್ತೇನೆ.

ಹಂತ 1: ಎರಡರ ಆಕಾರ

ಇದು ಚಿಕ್ಕ ಕೆಲಸ. ಪರ್ಫೆಕ್ಟ್‌ನಲ್ಲಿ ‘ಹ್ಯಾವ್’ ಅಥವಾ ‘ಹ್ಯಾಸ್’, ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ (‘ಗೋ, ವೆಂಟ್, ಗಾನ್’ ಎಂಬುದರಲ್ಲಿ ‘ಗಾನ್’). ‘ಐ ಹ್ಯಾವ್ ರಿಟನ್.’ ‘ಶೀ ಹ್ಯಾಸ್ ಗಾನ್.’ ಕಂಟಿನ್ಯುಯಸ್‌ನಲ್ಲಿ ‘ಹ್ಯಾವ್ ಬೀನ್’ ಅಥವಾ ‘ಹ್ಯಾಸ್ ಬೀನ್’, ಅದರ ಮುಂದೆ ‘ಇಂಗ್’ ಹತ್ತಿದ ಕ್ರಿಯಾಪದ. ‘ಐ ಹ್ಯಾವ್ ಬೀನ್ ರೈಟಿಂಗ್.’ ‘ಶೀ ಹ್ಯಾಸ್ ಬೀನ್ ವೇಟಿಂಗ್.’ ಹೀ, ಶೀ, ಇಟ್ ಮತ್ತು ಏಕವಚನದ ಹೆಸರುಗಳಿಗೆ ‘ಹ್ಯಾಸ್’. ಉಳಿದವಕ್ಕೆಲ್ಲ ‘ಹ್ಯಾವ್’.

ಇಲ್ಲಿ ‘ಬೀನ್’ ಎಂಬ ಪದದ ಬಗ್ಗೆ ಮಾತ್ರ ಎಚ್ಚರ ಬೇಕು. ‘ಬೀನ್’ ಕಂಡ ಕೂಡಲೇ ಕಂಟಿನ್ಯುಯಸ್ ಎಂದುಕೊಳ್ಳಬಾರದು. ಅದು ಮೂರು ವೇಷದಲ್ಲಿ ಬರುತ್ತದೆ.

‘ಹೀ ಹ್ಯಾಸ್ ಬೀನ್ ರೈಟಿಂಗ್ ದ ಲೆಟರ್.’ ಅವನು ಪತ್ರ ಬರೆಯುತ್ತಾ ಇದ್ದಾನೆ. ಇದು ಕಂಟಿನ್ಯುಯಸ್.

‘ದ ಲೆಟರ್ ಹ್ಯಾಸ್ ಬೀನ್ ರಿಟನ್.’ ಪತ್ರ ಬರೆಯಲಾಗಿದೆ. ಇದು ಪರ್ಫೆಕ್ಟ್‌ನ ಕರ್ಮಣಿ ರೂಪ.

‘ಹೀ ಹ್ಯಾಸ್ ಬೀನ್ ಇಲ್.’ ಅವನಿಗೆ ಕೆಲವು ದಿನಗಳಿಂದ ಹುಷಾರಿಲ್ಲ. ಇಲ್ಲಿ ‘ಬೀನ್’ ಎಂಬುದು ‘ಬಿ’ ಕ್ರಿಯಾಪದದ ಮೂರನೆಯ ರೂಪ, ಅಷ್ಟೇ. ಇದು ಮಾಮೂಲಿ ಪರ್ಫೆಕ್ಟ್.

ಮೊದಲ ಎರಡು ವಾಕ್ಯಗಳಲ್ಲಿ ಕ್ರಿಯಾರೂಪವನ್ನು ಬೇರೆ ಮಾಡುವುದು ‘ಬೀನ್’ ಮುಂದಿನ ಪದದ ಬಾಲ ಮಾತ್ರ. ಬರೆಯುವಾಗ ಇಲ್ಲಿ ಎಡವುವವರು ಬಹಳ. ‘ಬೀನ್’ ಆದ ಮೇಲೆ ‘ಇಂಗ್’ ಬಂತೋ, ಮೂರನೆಯ ರೂಪ ಬಂತೋ ಎಂದು ಒಂದು ಸಲ ನೋಡಿಕೊಳ್ಳಿ.

ಹಂತ 2: ಎರಡೂ ಈ ಹೊತ್ತಿಗೆ ಅಂಟಿಕೊಂಡಿವೆ

ಇವೆರಡರ ವ್ಯತ್ಯಾಸ ನೋಡುವ ಮೊದಲು ಇವು ಯಾವ ವಿಷಯದಲ್ಲಿ ಒಂದೇ ಎಂದು ತಿಳಿಯಬೇಕು. ಎರಡರ ಹೆಸರಿನಲ್ಲೂ ‘ಪ್ರೆಸೆಂಟ್’ ಇದೆ. ಕೆಲಸ ನಡೆದದ್ದು ಹಿಂದೆ ಇರಬಹುದು, ಆದರೆ ಮಾತಾಡುವವರ ಕಣ್ಣು ಈಗಿನ ಹೊತ್ತಿನ ಮೇಲಿದೆ.

ಕನ್ನಡದಲ್ಲಿ ಇದು ಎಷ್ಟು ಚೆಂದವಾಗಿ ಕಾಣುತ್ತದೆ ನೋಡಿ. ‘ಬಂದಿದ್ದಾನೆ’ ಎಂಬುದನ್ನು ಬಿಡಿಸಿದರೆ ‘ಬಂದು ಇದ್ದಾನೆ’. ಬಂದದ್ದು ಆಗಲೇ, ಇರುವುದು ಈಗ. ‘ಬರೆದಿದ್ದೇನೆ’ ಅಂದರೆ ‘ಬರೆದು ಇದ್ದೇನೆ’. ಅದೇ ರೀತಿ ‘ಬರೆಯುತ್ತಿದ್ದೇನೆ’ ಅಂದರೆ ‘ಬರೆಯುತ್ತಾ ಇದ್ದೇನೆ’. ಕೊನೆಗೆ ಕೂತಿರುವ ‘ಇದ್ದೇನೆ’ ಈಗಿನ ಮಾತು. ಇಂಗ್ಲಿಷಿನ ‘ಹ್ಯಾವ್’ ಇಲ್ಲಿ ಮಾಡುವುದು ಹೆಚ್ಚು ಕಡಿಮೆ ಅದೇ ಕೆಲಸ.

ಆದರೆ ಒಂದು ವ್ಯತ್ಯಾಸ ಇದೆ. ಕನ್ನಡ ಉದಾರಿ. ‘ಆ ಸಿನಿಮಾ ನಿನ್ನೆ ನೋಡಿದ್ದೇನೆ’ ಅಂದರೆ ನಮಗೆ ಏನೂ ತಪ್ಪು ಕೇಳಿಸುವುದಿಲ್ಲ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ‘ಐ ಹ್ಯಾವ್ ಸೀನ್ ದಟ್ ಫಿಲ್ಮ್ ಎಸ್ಟರ್‌ಡೇ’ ತಪ್ಪು. ‘ನಿನ್ನೆ’ ಮುಗಿದು ಹೋದ ಸಮಯ. ಮುಗಿದ ಸಮಯದ ಹೆಸರು ಬಾಯಲ್ಲಿ ಬಂದರೆ ಪರ್ಫೆಕ್ಟ್ ಕೂಡ ಬೇಡ, ಕಂಟಿನ್ಯುಯಸ್ ಕೂಡ ಬೇಡ. ಸಾದಾ ಭೂತಕಾಲ ಸಾಕು: ‘ಐ ಸಾ ದಟ್ ಫಿಲ್ಮ್ ಎಸ್ಟರ್‌ಡೇ.’ ‘ಲಾಸ್ಟ್ ವೀಕ್’, ‘ಟೂ ಡೇಸ್ ಅಗೋ’, ‘ಇನ್ 2015’, ‘ವೆನ್ ಐ ವಾಸ್ ಎ ಚೈಲ್ಡ್’ ಇವೆಲ್ಲ ಮುಗಿದ ಸಮಯಗಳೇ. ‘ಟುಡೇ’, ‘ದಿಸ್ ವೀಕ್’, ‘ದಿಸ್ ಇಯರ್’ ಇನ್ನೂ ಮುಗಿದಿಲ್ಲ. ಅವುಗಳ ಜೊತೆ ‘ಹ್ಯಾವ್’ ಧಾರಾಳವಾಗಿ ಬರಬಹುದು.

ಹಾಗಾಗಿ ಮೊದಲ ಪ್ರಶ್ನೆ ಯಾವತ್ತೂ ಇದೇ ಆಗಿರಲಿ: ನಾನು ಹೇಳುತ್ತಿರುವ ಸಮಯ ಮುಗಿದಿದೆಯಾ? ಮುಗಿದಿದ್ದರೆ ಈ ಎರಡರ ನಡುವೆ ಆಯ್ಕೆ ಮಾಡುವ ತಾಪತ್ರಯವೇ ಇಲ್ಲ.

ಹಂತ 3: ಫಲ ಮುಖ್ಯವೋ, ಕೆಲಸ ಮುಖ್ಯವೋ

ಈಗ ವಿಷಯದ ನಡುಮಧ್ಯಕ್ಕೆ ಬಂದೆವು. ಇಲ್ಲಿ ನಿಧಾನವಾಗಿ ಓದಿ.

ನೀವು ಗೋಡೆಗೆ ಬಣ್ಣ ಬಳಿದಿದ್ದೀರಿ. ಯಾರೋ ಬಂದು ಗೋಡೆ ನೋಡಿ ‘ಎಷ್ಟು ಚೆನ್ನಾಗಿದೆ!’ ಅಂದರು. ಆಗ ನೀವು ಹೇಳುವುದು ‘ಐ ಹ್ಯಾವ್ ಪೇಂಟೆಡ್ ದ ವಾಲ್’. ಗೋಡೆ ಸಿದ್ಧವಾಗಿದೆ, ಮಾತು ಗೋಡೆಯ ಬಗ್ಗೆ.

ಇನ್ನೊಂದು ಸಂದರ್ಭ. ಬಂದವರು ಗೋಡೆ ನೋಡಲೇ ಇಲ್ಲ. ನಿಮ್ಮ ಕೈಯೆಲ್ಲ ಬಣ್ಣ ಆಗಿರುವುದು ನೋಡಿ ‘ಏನಾಯಿತು?’ ಅಂದರು. ಆಗ ‘ಐ ಹ್ಯಾವ್ ಬೀನ್ ಪೇಂಟಿಂಗ್ ದ ವಾಲ್’. ಬಣ್ಣ ಬಳಿಯುವ ಕೆಲಸದಲ್ಲಿದ್ದೆ, ಅದಕ್ಕೇ ಕೈ ಹೀಗಿದೆ ಎಂದು ಅರ್ಥ. ಗೋಡೆ ಪೂರ್ತಿ ಆಯಿತೋ ಇಲ್ಲವೋ, ಈ ವಾಕ್ಯ ಅದನ್ನು ಹೇಳುವುದೇ ಇಲ್ಲ.

ಕೆಲಸ ಒಂದೇ, ಮಾಡಿದವರೂ ಒಬ್ಬರೇ. ನೋಡುವ ಕಣ್ಣು ಬೇರೆ. ಪರ್ಫೆಕ್ಟ್ ಕೈಗೆ ಬಂದ ಫಲವನ್ನು ತೋರಿಸುತ್ತದೆ. ಕಂಟಿನ್ಯುಯಸ್ ಕೆಲಸ ನಡೆದ ಹೊತ್ತನ್ನು ತೋರಿಸುತ್ತದೆ.

ಇನ್ನೊಂದು ಜೋಡಿ ನೋಡಿ. ನಿಮ್ಮ ಚಾಕ್ಲೆಟ್ ಡಬ್ಬಿ ತೆರೆದಿರಿ. ಒಳಗೆ ಏನೂ ಇಲ್ಲ. ‘ಸಮ್‌ಒನ್ ಹ್ಯಾಸ್ ಈಟನ್ ಮೈ ಚಾಕ್ಲೆಟ್ಸ್!’ ಯಾರೋ ತಿಂದುಬಿಟ್ಟಿದ್ದಾರೆ. ಡಬ್ಬಿಯಲ್ಲಿ ಇನ್ನೂ ಅರ್ಧ ಇದೆ, ಆದರೆ ದಿನಾ ಕಡಿಮೆ ಆಗುತ್ತಿದೆ. ‘ಸಮ್‌ಒನ್ ಹ್ಯಾಸ್ ಬೀನ್ ಈಟಿಂಗ್ ಮೈ ಚಾಕ್ಲೆಟ್ಸ್!’ ಯಾರೋ ತಿನ್ನುತ್ತಾ ಇದ್ದಾರೆ. ಕನ್ನಡದಲ್ಲಿ ‘ತಿಂದುಬಿಟ್ಟಿದ್ದಾರೆ’ ಮತ್ತು ‘ತಿನ್ನುತ್ತಾ ಇದ್ದಾರೆ’ ನಡುವೆ ನಿಮಗೆ ಎಷ್ಟು ಸಲೀಸಾಗಿ ವ್ಯತ್ಯಾಸ ಗೊತ್ತಾಗುತ್ತದೋ ಇಂಗ್ಲಿಷಿನವರಿಗೆ ಈ ಎರಡು ವಾಕ್ಯಗಳ ನಡುವೆ ಅಷ್ಟೇ ಸಲೀಸಾಗಿ ಗೊತ್ತಾಗುತ್ತದೆ.

ಇದಕ್ಕೆ ನಾನು ಬಳಸುವ ಒಂದು ಪರೀಕ್ಷೆ ಇದೆ. ಮನಸ್ಸಿನಲ್ಲಿರುವ ಕನ್ನಡ ವಾಕ್ಯಕ್ಕೆ ‘ಆಯಿತು’ ಸೇರಿಸಿ ನೋಡಿ. ‘ಪತ್ರ ಬರೆದಾಯಿತು’, ‘ಪುಸ್ತಕ ಓದಿಯಾಯಿತು’ ಅಂದಾಗ ನೀವು ಹೇಳಬೇಕಾದದ್ದೇ ಬಂತು ಅನ್ನಿಸಿದರೆ ಪರ್ಫೆಕ್ಟ್ ಹಾಕಿ. ‘ಆಯಿತು’ ಸೇರಿಸಿದಾಗ ‘ಅಯ್ಯೋ, ನಾನು ಹೇಳಲು ಹೊರಟದ್ದು ಅದಲ್ಲ’ ಅನ್ನಿಸಿದರೆ ಕಂಟಿನ್ಯುಯಸ್ ಕಡೆ ಹೋಗಿ. ಎಲ್ಲ ಕಡೆ ಇದು ಕೆಲಸ ಮಾಡುತ್ತದೆ ಎನ್ನಲಾರೆ, ಆದರೆ ಮಾತಿನ ಭರದಲ್ಲಿ ಇದರಷ್ಟು ಬೇಗ ಕೈಗೆ ಸಿಗುವ ಪರೀಕ್ಷೆ ನನಗೆ ಇನ್ನೊಂದು ಸಿಕ್ಕಿಲ್ಲ.

ಇದೇ ಕಾರಣಕ್ಕೆ ಎಣಿಕೆ ಬಂದ ಕೂಡಲೇ ಪರ್ಫೆಕ್ಟ್ ಬರುತ್ತದೆ. ಮೂರು ಪತ್ರ, ಐವತ್ತು ಪುಟ, ಎರಡು ಸಲ ಎಂದು ಎಣಿಸುತ್ತೀರಿ ಅಂದರೆ ಆಗಿಹೋದದ್ದನ್ನು ಲೆಕ್ಕ ಹಾಕುತ್ತಿದ್ದೀರಿ. ‘ಐ ಹ್ಯಾವ್ ರಿಟನ್ ತ್ರೀ ಲೆಟರ್ಸ್’ ಸರಿ. ‘ಐ ಹ್ಯಾವ್ ಬೀನ್ ರೈಟಿಂಗ್ ತ್ರೀ ಲೆಟರ್ಸ್’ ವಿಚಿತ್ರವಾಗಿ ಕೇಳಿಸುತ್ತದೆ. ಎಷ್ಟು ಹೊತ್ತು ಎಂದು ಹೇಳುವಾಗ ಕಂಟಿನ್ಯುಯಸ್: ‘ಐ ಹ್ಯಾವ್ ಬೀನ್ ರೈಟಿಂಗ್ ಲೆಟರ್ಸ್ ಆಲ್ ಮಾರ್ನಿಂಗ್.’ ಪ್ರಶ್ನೆಯಲ್ಲೂ ಅಷ್ಟೇ. ‘ಎಷ್ಟು ಪುಟ ಓದಿದ್ದೀಯಾ?’ ಎಂದು ಕೇಳಬೇಕಾದರೆ ‘ಹೌ ಮೆನಿ ಪೇಜಸ್ ಹ್ಯಾವ್ ಯೂ ರೆಡ್?’ ‘ಎಷ್ಟು ಹೊತ್ತಿನಿಂದ ಓದುತ್ತಿದ್ದೀಯಾ?’ ಎಂದು ಕೇಳಬೇಕಾದರೆ ‘ಹೌ ಲಾಂಗ್ ಹ್ಯಾವ್ ಯೂ ಬೀನ್ ರೀಡಿಂಗ್?’

ಜೀವನದ ಅನುಭವ ಹೇಳುವಾಗಲೂ ಪರ್ಫೆಕ್ಟ್ ಮಾತ್ರ. ‘ಹ್ಯಾವ್ ಯೂ ಎವರ್ ಸೀನ್ ಸ್ನೋ?’ ಎಂದಾದರೂ ಹಿಮ ನೋಡಿದ್ದೀಯಾ? ‘ಐ ಹ್ಯಾವ್ ನೆವರ್ ಫ್ಲೋನ್.’ ನಾನು ಯಾವತ್ತೂ ವಿಮಾನ ಹತ್ತಿಲ್ಲ. ‘ಎವರ್’, ‘ನೆವರ್’, ‘ಆಲ್‌ರೆಡಿ’, ‘ಯೆಟ್’ ಇವು ಪರ್ಫೆಕ್ಟ್‌ನ ಸ್ನೇಹಿತರು. ‘ಆಲ್ ಡೇ’, ‘ಆಲ್ ಮಾರ್ನಿಂಗ್’ ಸಾಮಾನ್ಯವಾಗಿ ಕಂಟಿನ್ಯುಯಸ್ ಜೊತೆ ಓಡಾಡುತ್ತವೆ. ‘ಲೇಟ್ಲಿ’, ‘ರೀಸೆಂಟ್ಲಿ’ ಎರಡರ ಜೊತೆಗೂ ಬರುತ್ತವೆ.

ನಮ್ಮವರು ಸಿಕ್ಕಿಬೀಳುವ ಇನ್ನೊಂದು ಜಾಗ ಇಲ್ಲೇ ಇದೆ. ‘ನಾನು ಕಾರು ಓಡಿಸುತ್ತಿರುವುದು ಇದೇ ಮೊದಲು.’ ಕನ್ನಡದಲ್ಲಿ ‘ಓಡಿಸುತ್ತಿರುವುದು’ ಇದೆ. ಅದಕ್ಕೇ ‘ದಿಸ್ ಈಸ್ ದ ಫಸ್ಟ್ ಟೈಮ್ ಐ ಆಮ್ ಡ್ರೈವಿಂಗ್’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ಎಣಿಕೆಯ ಮಾತು: ಇಲ್ಲಿಯವರೆಗೆ ಎಷ್ಟು ಸಲ ಆಗಿದೆ? ಒಂದು ಸಲ. ಹಾಗಾಗಿ ‘ದಿಸ್ ಈಸ್ ದ ಫಸ್ಟ್ ಟೈಮ್ ಐ ಹ್ಯಾವ್ ಡ್ರಿವನ್ ಎ ಕಾರ್.’

ಹಂತ 4: ‘ಇಂದ’ ಬಂದರೆ ನಿಲ್ಲಿ

ಈ ಇಡೀ ಬರಹದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ.

‘ಗಂಟೆಯಿಂದ’, ‘ವರ್ಷದಿಂದ’, ‘ಬೆಳಗ್ಗೆಯಿಂದ’, ‘ಆವತ್ತಿನಿಂದ’. ಸಮಯದ ಮೇಲೆ ‘ಇಂದ’ ಹತ್ತಿದೆ ಅಂದರೆ ಹಿಂದೆ ಶುರುವಾದದ್ದು ಈಗಲೂ ಇದೆ ಎಂದು ಅರ್ಥ. ಕನ್ನಡ ಇಂಥ ಕಡೆ ಮಾಮೂಲಿ ವರ್ತಮಾನ ರೂಪವನ್ನೇ ಬಳಸುತ್ತದೆ. ‘ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’, ‘ಹತ್ತು ವರ್ಷದಿಂದ ಗೊತ್ತು’, ‘ಬೆಳಗ್ಗೆಯಿಂದ ತಲೆನೋವು ಇದೆ’. ಹಿಂದಿನ ಕಾಲದ ಜೊತೆ ಗಂಟು ಹಾಕುವ ಕೆಲಸವನ್ನು ‘ಇಂದ’ ಒಂದೇ ನೋಡಿಕೊಳ್ಳುತ್ತದೆ, ಕ್ರಿಯಾಪದ ತನ್ನ ಪಾಡಿಗೆ ಇರುತ್ತದೆ.

ಇಂಗ್ಲಿಷ್ ಆ ಗಂಟನ್ನು ಕ್ರಿಯಾಪದದ ಮೇಲೆ ಹಾಕುತ್ತದೆ. ಹಿಂದಿನಿಂದ ಈವರೆಗೆ ಎಂದರೆ ‘ಹ್ಯಾವ್’ ಬರಲೇಬೇಕು. ‘ಆಮ್’, ‘ಈಸ್’, ‘ಆರ್’ ಸಾಲುವುದಿಲ್ಲ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಎಂಬುದು ಕನ್ನಡದ ಲೆಕ್ಕದಲ್ಲಿ ಪೂರ್ತಿ ಸರಿ, ಇಂಗ್ಲಿಷ್ ಲೆಕ್ಕದಲ್ಲಿ ಪೂರ್ತಿ ತಪ್ಪು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಅನ್ನಬೇಕು. ಕೆಲಸದ ಸಂದರ್ಶನದಲ್ಲಿ ಮೊದಲ ಐದು ನಿಮಿಷದೊಳಗೆ ಈ ವಾಕ್ಯ ಬೇಕಾಗುತ್ತದೆ. ಅದಕ್ಕೇ ಇದನ್ನು ಹತ್ತು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಹಾಗಾದರೆ ‘ಫಾರ್’ ಯಾವಾಗ, ‘ಸಿನ್ಸ್’ ಯಾವಾಗ? ಕನ್ನಡದ ‘ಇಂದ’ ಎರಡನ್ನೂ ಹೊತ್ತುಕೊಂಡಿದೆ, ಹಾಗಾಗಿ ನಮಗೆ ಗೊಂದಲ. ‘ಎರಡು ಗಂಟೆಯಿಂದ’ ಎಂಬ ಮಾತಿಗೇ ಎರಡು ಅರ್ಥ ಇದೆ, ಗಮನಿಸಿದ್ದೀರಾ? ಎರಡು ತಾಸಿನಷ್ಟು ಹೊತ್ತಿನಿಂದ ಎಂದೂ ಆಗಬಹುದು, ಗಡಿಯಾರದಲ್ಲಿ ಎರಡು ಹೊಡೆದಾಗಿನಿಂದ ಎಂದೂ ಆಗಬಹುದು. ಇಂಗ್ಲಿಷ್ ಇವನ್ನು ಬೇರೆ ಬೇರೆ ಇಡುತ್ತದೆ. ಎಷ್ಟು ಹೊತ್ತು ಎಂಬ ಅಳತೆಗೆ ‘ಫಾರ್’: ‘ಫಾರ್ ಟೂ ಅವರ್ಸ್’, ‘ಫಾರ್ ಟೆನ್ ಇಯರ್ಸ್’, ‘ಫಾರ್ ಎ ಲಾಂಗ್ ಟೈಮ್’. ಯಾವಾಗ ಶುರುವಾಯಿತು ಎಂಬ ಗುರುತಿಗೆ ‘ಸಿನ್ಸ್’: ‘ಸಿನ್ಸ್ ಟೂ ಓ ಕ್ಲಾಕ್’, ‘ಸಿನ್ಸ್ ಮಂಡೇ’, ‘ಸಿನ್ಸ್ 2019’. ಅಳತೆಪಟ್ಟಿಯ ಉದ್ದ ‘ಫಾರ್’, ಅದರ ಶುರುವಿನ ತುದಿ ‘ಸಿನ್ಸ್’.

‘ಸಿನ್ಸ್’ ಮುಂದೆ ಒಂದು ಪೂರ್ತಿ ವಾಕ್ಯವೂ ಬರಬಹುದು. ಶುರುವಾದ ಗಳಿಗೆಯನ್ನು ಹೇಳುವಾಗ ಅದು ಸಾಮಾನ್ಯವಾಗಿ ಸಾದಾ ಭೂತಕಾಲದಲ್ಲಿರುತ್ತದೆ. ‘ಇಟ್ ಹ್ಯಾಸ್ ಬೀನ್ ರೇನಿಂಗ್ ಸಿನ್ಸ್ ವೀ ಕೇಮ್.’ ನಾವು ಬಂದಾಗಿನಿಂದ ಮಳೆ ಬರುತ್ತಿದೆ. ಬಂದದ್ದು ಒಂದು ಗಳಿಗೆ, ಮಳೆ ಈವರೆಗೂ ಎಳೆದುಕೊಂಡು ಬಂದ ಉದ್ದ.

ಹಂತ 5: ‘ಗೊತ್ತು’, ‘ಇದೆ’, ‘ಇಷ್ಟ’: ಇಲ್ಲಿ ‘ಇಂಗ್’ ಬೇಡ

‘ಇಂದ’ ಕೇಳಿಸಿತು, ‘ಹ್ಯಾವ್’ ಹಾಕಿದಿರಿ. ಇನ್ನು ಪರ್ಫೆಕ್ಟೋ ಕಂಟಿನ್ಯುಯಸ್ಸೋ? ಕ್ರಿಯಾಪದ ಕೆಲಸವನ್ನು ಹೇಳುತ್ತಿದ್ದರೆ ಕಂಟಿನ್ಯುಯಸ್. ಬರೀ ಇರುವಿಕೆಯನ್ನು ಹೇಳುತ್ತಿದ್ದರೆ ಪರ್ಫೆಕ್ಟ್.

‘ಅವನು ನನಗೆ ಹತ್ತು ವರ್ಷದಿಂದ ಗೊತ್ತು.’ ಗೊತ್ತಿರುವುದು ನಾವು ಕೂತು ಮಾಡುವ ಕೆಲಸವಲ್ಲ. ಹಾಗಾಗಿ ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್.’ ‘ಐ ಆಮ್ ನೋಯಿಂಗ್ ಹಿಮ್’ ಅನ್ನಬಾರದು, ‘ಐ ಹ್ಯಾವ್ ಬೀನ್ ನೋಯಿಂಗ್’ ಕೂಡ ಅನ್ನಬಾರದು. ‘ಈ ಗಡಿಯಾರ ನನ್ನ ಹತ್ತಿರ ಐದು ವರ್ಷದಿಂದ ಇದೆ’ ಎನ್ನುವುದಕ್ಕೆ ‘ಐ ಹ್ಯಾವ್ ಹ್ಯಾಡ್ ದಿಸ್ ವಾಚ್ ಫಾರ್ ಫೈವ್ ಇಯರ್ಸ್’. ‘ಹ್ಯಾವ್ ಹ್ಯಾಡ್’ ಎಂಬ ಜೋಡಿ ಮೊದಮೊದಲು ತಪ್ಪಾಗಿ ಕೇಳಿಸುತ್ತದೆ. ಹೆದರಬೇಡಿ, ಅದು ಸರಿ. ಮೊದಲ ‘ಹ್ಯಾವ್’ ಕಾಲ ತೋರಿಸುವ ಸಹಾಯಕ, ಎರಡನೆಯ ‘ಹ್ಯಾಡ್’ ನಿಜವಾದ ಕ್ರಿಯಾಪದ.

ಈ ಗುಂಪಿನ ಇಂಗ್ಲಿಷ್ ಕ್ರಿಯಾಪದಗಳನ್ನು ಕನ್ನಡದ ಮೂಲಕ ಗುರುತಿಸುವುದು ಸುಲಭ. ಇವುಗಳಲ್ಲಿ ಬಹಳಷ್ಟಕ್ಕೆ ನಾವು ‘ನಾನು’ ಬದಲು ‘ನನಗೆ’ ಅಥವಾ ‘ನನ್ನ’ ಎಂದು ಶುರು ಮಾಡುತ್ತೇವೆ. ನನಗೆ ಗೊತ್ತು, ನನಗೆ ಇಷ್ಟ, ನನಗೆ ಅರ್ಥವಾಗುತ್ತದೆ, ನನಗೆ ಬೇಕು, ನನ್ನ ಹತ್ತಿರ ಇದೆ. ನೋ, ಲೈಕ್, ಅಂಡರ್‌ಸ್ಟ್ಯಾಂಡ್, ವಾಂಟ್, ಹ್ಯಾವ್. ‘ನನಗೆ’ ಬಂದರೆ ‘ಇಂಗ್’ ಹಾಕುವ ಮೊದಲು ಎರಡು ಸಲ ಯೋಚಿಸಿ. ‘ನಂಬು’ ಎಂಬ ಅರ್ಥದ ‘ಬಿಲೀವ್’, ‘ಸೇರಿದ್ದು’ ಎಂಬ ಅರ್ಥದ ‘ಬಿಲಾಂಗ್’, ಒಡೆತನದ ‘ಓನ್’ ಕೂಡ ಇದೇ ಸಾಲಿನವು.

ಆದರೆ ಇದನ್ನು ಕಲ್ಲಿನ ಮೇಲೆ ಕೆತ್ತಿದ ನಿಯಮ ಮಾಡಿಕೊಳ್ಳಬೇಡಿ. ‘ಐ ಹ್ಯಾವ್ ಬೀನ್ ವಾಂಟಿಂಗ್ ಟು ಆಸ್ಕ್ ಯೂ’ ಎಂದು ಇಂಗ್ಲಿಷಿನವರು ಧಾರಾಳವಾಗಿ ಹೇಳುತ್ತಾರೆ. ಎಷ್ಟೋ ದಿನದಿಂದ ನಿಮ್ಮನ್ನು ಕೇಳಬೇಕು ಅಂದುಕೊಳ್ಳುತ್ತಲೇ ಇದ್ದೇನೆ ಎಂಬ ಅರ್ಥ. ‘ಐ ಹ್ಯಾವ್ ಬೀನ್ ಮೀನಿಂಗ್ ಟು ಕಾಲ್ ಯೂ’ ಕೂಡ ಹಾಗೇ, ತುಂಬಾ ದಿನ ಫೋನ್ ಮಾಡದೆ ಇದ್ದು ಕೊನೆಗೆ ಮಾಡಿದಾಗ ಹೇಳಲು ಹೇಳಿಮಾಡಿಸಿದ ಮಾತು. ‘ಹ್ಯಾವ್’ ಎಂಬುದು ‘ಇದೆ’ ಎಂಬ ಅರ್ಥ ಬಿಟ್ಟು ಅನುಭವಿಸುವ ಅರ್ಥಕ್ಕೆ ಹೊರಳಿದರೆ ‘ಇಂಗ್’ ಬರುತ್ತದೆ: ‘ವೀ ಹ್ಯಾವ್ ಬೀನ್ ಹ್ಯಾವಿಂಗ್ ಪ್ರಾಬ್ಲೆಮ್ಸ್.’ ‘ಥಿಂಕ್’ ಎಂಬುದು ‘ನನ್ನ ಅಭಿಪ್ರಾಯ’ ಎಂದಿದ್ದಾಗ ಸ್ಥಿತಿ, ‘ಯೋಚಿಸುತ್ತಾ ಇದ್ದೇನೆ’ ಎಂದಾದಾಗ ಕೆಲಸ: ‘ಐ ಹ್ಯಾವ್ ಬೀನ್ ಥಿಂಕಿಂಗ್ ಅಬೌಟ್ ಇಟ್.’ ಪದಕ್ಕಿಂತ ಅರ್ಥದ ಮೇಲೆ ಕಣ್ಣಿಡಿ.

ಹಂತ 6: ನಿಂತ ಮಳೆಗೂ ‘ಹ್ಯಾಸ್ ಬೀನ್ ರೇನಿಂಗ್’

ಕಂಟಿನ್ಯುಯಸ್ ಅಂದರೆ ಈಗಲೂ ನಡೆಯುತ್ತಿದೆ ಎಂದೇ ಹಲವರು ಕಲಿತಿರುತ್ತಾರೆ. ಅದು ಅರ್ಧ ಸತ್ಯ.

ಬಾಗಿಲು ತೆರೆದು ಹೊರಗೆ ಬಂದಿರಿ. ಮಳೆ ಇಲ್ಲ, ಆದರೆ ನೆಲ ಒದ್ದೆ, ಮರದಿಂದ ಹನಿ ತೊಟ್ಟಿಕ್ಕುತ್ತಿದೆ. ಆಗ ಹೇಳುವುದು ‘ಇಟ್ ಹ್ಯಾಸ್ ಬೀನ್ ರೇನಿಂಗ್’. ಮಳೆ ನಿಂತಿದೆ, ಅದರ ಗುರುತು ಕಣ್ಣೆದುರಿಗಿದೆ. ಒಬ್ಬರ ಕಣ್ಣು ಕೆಂಪಾಗಿದೆ: ‘ಹ್ಯಾವ್ ಯೂ ಬೀನ್ ಕ್ರೈಯಿಂಗ್?’ ನಿಮ್ಮ ಗೆಳೆಯ ಏದುಸಿರು ಬಿಡುತ್ತಾ ಬಂದ: ‘ಹ್ಯಾವ್ ಯೂ ಬೀನ್ ರನ್ನಿಂಗ್?’

ಇಲ್ಲಿ ಕನ್ನಡ ಬೇರೆ ದಾರಿ ಹಿಡಿಯುತ್ತದೆ. ನಾವು ‘ಅಳುತ್ತಿದ್ದೆಯಾ?’ ಎಂದು ಕೇಳುತ್ತೇವೆ, ‘ಅಳುತ್ತಿದ್ದೀಯಾ?’ ಎಂದಲ್ಲ. ‘ಮಳೆ ಬರುತ್ತಿತ್ತು ಅನ್ನಿಸುತ್ತೆ’ ಅನ್ನುತ್ತೇವೆ. ಇನ್ನೂ ನಡೆಯುತ್ತಿದ್ದರೆ ‘ಇದ್ದೇನೆ’, ಈಗಷ್ಟೇ ನಿಂತಿದ್ದರೆ ‘ಇದ್ದೆ’. ಕನ್ನಡಕ್ಕೆ ಎರಡು ರೂಪ, ಇಂಗ್ಲಿಷಿಗೆ ಎರಡಕ್ಕೂ ‘ಹ್ಯಾವ್ ಬೀನ್ ಡೂಯಿಂಗ್’ ಒಂದೇ. ನಮ್ಮ ‘ಇದ್ದೆ’ ನೋಡಿಕೊಂಡು ‘ವರ್ ಯೂ ಕ್ರೈಯಿಂಗ್?’ ಅಂದರೆ ವ್ಯಾಕರಣ ತಪ್ಪಲ್ಲ. ಆದರೆ ಅದು ಹಿಂದಿನ ಯಾವುದೋ ಒಂದು ಹೊತ್ತಿನ ಬಗ್ಗೆ ಕೇಳಿದಂತಾಗುತ್ತದೆ. ಈಗ ಕಣ್ಣಿಗೆ ಕಾಣುತ್ತಿರುವ ಕೆಂಪಿನ ಬಗ್ಗೆ ಕೇಳುವ ಆತ್ಮೀಯತೆ ‘ಹ್ಯಾವ್ ಯೂ ಬೀನ್ ಕ್ರೈಯಿಂಗ್?’ ಎಂಬುದರಲ್ಲಿ ಜಾಸ್ತಿ. ನನಗೆ ಈ ಬಳಕೆ ಬಹಳ ಇಷ್ಟ. ಒದ್ದೆ ನೆಲ, ಕೆಂಪು ಕಣ್ಣು, ಬಣ್ಣದ ಕೈ ನೋಡಿ ಹಿಂದಿನದನ್ನು ಊಹಿಸುವ ಮನುಷ್ಯ ಸ್ವಭಾವ ಒಂದು ಕ್ರಿಯಾರೂಪದಲ್ಲಿ ಸೇರಿಕೊಂಡಿದೆ.

ಹಂತ 7: ಒಂದೇ ಕ್ಷಣದ ಕೆಲಸ

ಒಡೆಯುವುದು, ತಲುಪುವುದು, ಮುಗಿಸುವುದು ಕ್ಷಣದಲ್ಲಿ ಆಗುತ್ತವೆ. ಅವನ್ನು ಎಳೆಯಲು ಬರುವುದಿಲ್ಲ. ‘ಐ ಹ್ಯಾವ್ ಬ್ರೋಕನ್ ಎ ಗ್ಲಾಸ್’ ಸರಿ, ‘ಐ ಹ್ಯಾವ್ ಬೀನ್ ಬ್ರೇಕಿಂಗ್ ಎ ಗ್ಲಾಸ್’ ಆಗುವುದಿಲ್ಲ. ಅದೇ ಕ್ಷಣದ ಕೆಲಸ ಮತ್ತೆ ಮತ್ತೆ ಆದರೆ ಕಂಟಿನ್ಯುಯಸ್ ಬರುತ್ತದೆ: ‘ದ ಫೋನ್ ಹ್ಯಾಸ್ ಬೀನ್ ರಿಂಗಿಂಗ್ ಆಲ್ ಮಾರ್ನಿಂಗ್.’ ‘ಹೀ ಹ್ಯಾಸ್ ಬೀನ್ ಕಾಫಿಂಗ್.’ ಕನ್ನಡದ ‘ಹೊಡೆದುಕೊಳ್ಳುತ್ತಲೇ ಇದೆ’, ‘ಕೆಮ್ಮುತ್ತಲೇ ಇದ್ದಾನೆ’ ಎಂಬ ‘ಲೇ’ ಇಲ್ಲಿ ಸಹಾಯಕ್ಕೆ ಬರುತ್ತದೆ.

ಹಂತ 8: ‘ಇಲ್ಲ’ ಎನ್ನುವಾಗ

ಇಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ‘ಮಾಡಲಿಲ್ಲ’, ‘ಮಾಡಿಲ್ಲ’, ‘ಮಾಡುತ್ತಿಲ್ಲ’ ಎಂಬ ಮೂರು ರೂಪ ನಮ್ಮಲ್ಲಿವೆ. ‘ಮಾಡಲಿಲ್ಲ’ ಸಾಮಾನ್ಯವಾಗಿ ‘ಡಿಡಂಟ್’. ‘ಮಾಡಿಲ್ಲ’ ಅಂದರೆ ‘ಹ್ಯಾವಂಟ್ ಡನ್’. ‘ಈಚೆಗೆ ಮಾಡುತ್ತಿಲ್ಲ’ ಅಂದರೆ ‘ಹ್ಯಾವಂಟ್ ಬೀನ್ ಡೂಯಿಂಗ್’.

‘ಐ ಡಿಡಂಟ್ ಸ್ಲೀಪ್ ಲಾಸ್ಟ್ ನೈಟ್.’ ನಿನ್ನೆ ರಾತ್ರಿ ನಿದ್ದೆ ಮಾಡಲಿಲ್ಲ. ‘ಐ ಹ್ಯಾವಂಟ್ ಸ್ಲೆಪ್ಟ್ ಸಿನ್ಸ್ ಮಂಡೇ.’ ಸೋಮವಾರದಿಂದ ನಿದ್ದೆಯೇ ಮಾಡಿಲ್ಲ. ‘ಐ ಹ್ಯಾವಂಟ್ ಬೀನ್ ಸ್ಲೀಪಿಂಗ್ ವೆಲ್.’ ಈಚೆಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಮೂರನ್ನೂ ಒಂದರ ಹಿಂದೆ ಒಂದು ಹೇಳಿ ನೋಡಿ. ಸಕಾರದ ವಾಕ್ಯದಲ್ಲಿ ಅನುಮಾನ ಬಂದಾಗ ಅದನ್ನು ಕನ್ನಡದಲ್ಲಿ ನಕಾರ ಮಾಡಿಕೊಳ್ಳಿ. ಎಷ್ಟೋ ಸಲ ಉತ್ತರ ಅಲ್ಲಿಯೇ ಸಿಗುತ್ತದೆ.

ಎರಡೂ ಸರಿ ಇರುವ ಕಡೆ

ಲಿವ್, ವರ್ಕ್, ಟೀಚ್, ಸ್ಟಡಿ. ಇಂಥ ಕ್ರಿಯಾಪದಗಳಲ್ಲಿ ‘ಫಾರ್’ ಅಥವಾ ‘ಸಿನ್ಸ್’ ಜೊತೆಗಿದ್ದರೆ ಯಾವುದು ಹಾಕಿದರೂ ನಡೆಯುತ್ತದೆ. ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟ್ವೆಂಟಿ ಇಯರ್ಸ್’, ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟ್ವೆಂಟಿ ಇಯರ್ಸ್’ ಎರಡೂ ಸರಿ. ಸ್ವಲ್ಪ ಕಾಲದ ಮಾತಾದರೆ ಕಂಟಿನ್ಯುಯಸ್ ಕಡೆ, ನೆಲೆಯೂರಿದ ಮಾತಾದರೆ ಪರ್ಫೆಕ್ಟ್ ಕಡೆ ಮನಸ್ಸು ವಾಲುತ್ತದೆ. ಮನುಷ್ಯ ಒಂದು ತಾಸು ನಿಂತರೆ ‘ಹ್ಯಾಸ್ ಬೀನ್ ಸ್ಟ್ಯಾಂಡಿಂಗ್’. ಕೋಟೆ ಆರುನೂರು ವರ್ಷ ನಿಂತಿದ್ದರೆ ‘ಹ್ಯಾಸ್ ಸ್ಟುಡ್’. ಒಂದು ಎಚ್ಚರ: ‘ಫಾರ್’, ‘ಸಿನ್ಸ್’ ತೆಗೆದರೆ ಅರ್ಥ ಬೇರೆಯಾಗುತ್ತದೆ. ‘ಐ ಹ್ಯಾವ್ ಲಿವ್ಡ್ ಇನ್ ತ್ರೀ ಸಿಟೀಸ್’ ಎಂಬುದು ಅನುಭವದ ಲೆಕ್ಕ.

ಕಚೇರಿಯ ಇಮೇಲ್‌ಗಳಲ್ಲಿ ಈ ಆಯ್ಕೆ ಸಣ್ಣದಲ್ಲ. ‘ಐ ಹ್ಯಾವ್ ಅಟ್ಯಾಚ್ಡ್ ದ ಫೈಲ್’ ಎಂದರೆ ಫೈಲ್ ಅಲ್ಲಿದೆ. ‘ವೀ ಹ್ಯಾವ್ ಫಿಕ್ಸ್ಡ್ ದ ಪ್ರಾಬ್ಲೆಮ್’ ಎಂದರೆ ಸರಿಪಡಿಸಿಯಾಯಿತು ಎಂದು ಮಾತು ಕೊಟ್ಟಂತೆ. ಕೆಲಸ ಇನ್ನೂ ನಡೆಯುತ್ತಿದ್ದರೆ ‘ವೀ ಹ್ಯಾವ್ ಬೀನ್ ವರ್ಕಿಂಗ್ ಆನ್ ದ ಪ್ರಾಬ್ಲೆಮ್’ ಎಂದೇ ಬರೆಯಿರಿ. ‘ಐ ಹ್ಯಾವ್ ಬೀನ್ ಟ್ರೈಯಿಂಗ್ ಟು ರೀಚ್ ಯೂ’ ಎಂಬುದರಲ್ಲಿ ಪ್ರಯತ್ನ ಬಿಟ್ಟಿಲ್ಲ ಎಂಬ ಸುಳಿವಿದೆ. ‘ಹೂ ಹ್ಯಾಸ್ ಬೀನ್ ಯೂಸಿಂಗ್ ಮೈ ಕಂಪ್ಯೂಟರ್?’ ಎಂಬುದರಲ್ಲಿ ಸ್ವಲ್ಪ ಸಿಟ್ಟು ಕೇಳಿಸಬಹುದು. ಬೇಡದ ಕಡೆ ಆ ದನಿ ಬರದಂತೆ ನೋಡಿಕೊಳ್ಳಿ.

ಕೇಳುವಾಗ ಇನ್ನೊಂದು ತೊಡಕು ಬರುತ್ತದೆ. ವೇಗದ ಮಾತಿನಲ್ಲಿ ‘ಐ ಹ್ಯಾವ್ ಬೀನ್’ ಎಂಬುದು ‘ಐವ್ ಬಿನ್’ ಆಗುತ್ತದೆ, ‘ಹೀ ಹ್ಯಾಸ್ ಬೀನ್’ ಎಂಬುದು ‘ಹೀಸ್ ಬಿನ್’. ‘ಹೀಸ್’ ಕೇಳಿದಾಗ ‘ಈಸ್’ ಇರಬಹುದು, ‘ಹ್ಯಾಸ್’ ಇರಬಹುದು. ಮುಂದೆ ‘ಬಿನ್’ ಬಂದರೆ ಅದು ‘ಹ್ಯಾಸ್’. ‘ಹೀಸ್ ರೀಡಿಂಗ್’ ಎಂದರೆ ‘ಈಸ್’.

ಈಗ ನಿಮ್ಮ ಸರದಿ

ಈ ಆರು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹೇಳಿ. ಉತ್ತರ ನೋಡುವ ಮೊದಲು ಬಾಯಿಬಿಟ್ಟು ಹೇಳಿ.

1. ಬೆಳಗ್ಗೆಯಿಂದ ನಿನಗೆ ಫೋನ್ ಮಾಡುತ್ತಲೇ ಇದ್ದೇನೆ.
2. ಬೆಳಗ್ಗೆಯಿಂದ ನಿನಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ.
3. ಈ ಮನೆ ಐದು ವರ್ಷದಿಂದ ಖಾಲಿ ಇದೆ.
4. ನಿನ್ನ ಬಟ್ಟೆಯೆಲ್ಲ ಮಣ್ಣು. ತೋಟದಲ್ಲಿ ಅಗೆಯುತ್ತಿದ್ದೆಯಾ?
5. ಕಳೆದ ವಾರ ಆ ಪುಸ್ತಕ ಓದಿದ್ದೇನೆ.
6. ಅವಳು ಒಂದು ತಿಂಗಳಿಂದ ಕಾರು ಕಲಿಯುತ್ತಿದ್ದಾಳೆ, ಆದರೆ ಇನ್ನೂ ಪರೀಕ್ಷೆಗೆ ಹೋಗಿಲ್ಲ.

ಮೊದಲನೆಯದು ‘ಐ ಹ್ಯಾವ್ ಬೀನ್ ಕಾಲಿಂಗ್ ಯೂ ಸಿನ್ಸ್ ದಿಸ್ ಮಾರ್ನಿಂಗ್’. ‘ಮಾಡುತ್ತಲೇ’ ಎಂಬುದು ಮತ್ತೆ ಮತ್ತೆ ನಡೆದ ಕೆಲಸ.

ಎರಡನೆಯದರಲ್ಲೂ ‘ಇಂದ’ ಇದೆ, ಆದರೆ ‘ನಾಲ್ಕು ಸಲ’ ಎಂಬ ಎಣಿಕೆ ಬಂತು. ‘ಐ ಹ್ಯಾವ್ ಕಾಲ್ಡ್ ಯೂ ಫೋರ್ ಟೈಮ್ಸ್ ಸಿನ್ಸ್ ದಿಸ್ ಮಾರ್ನಿಂಗ್.’

ಮೂರನೆಯದು ‘ದಿಸ್ ಹೌಸ್ ಹ್ಯಾಸ್ ಬೀನ್ ಎಂಪ್ಟಿ ಫಾರ್ ಫೈವ್ ಇಯರ್ಸ್’. ‘ಬೀನ್’ ಇದೆ, ಆದರೂ ಇದು ಪರ್ಫೆಕ್ಟ್. ಖಾಲಿ ಇರುವುದು ಸ್ಥಿತಿ.

ನಾಲ್ಕನೆಯದು ‘ಹ್ಯಾವ್ ಯೂ ಬೀನ್ ಡಿಗ್ಗಿಂಗ್ ಇನ್ ದ ಗಾರ್ಡನ್?’ ಅಗೆತ ನಿಂತಿದೆ, ಮಣ್ಣು ಉಳಿದಿದೆ.

ಐದನೆಯದಕ್ಕೆ ಎರಡೂ ಬೇಡ. ‘ಕಳೆದ ವಾರ’ ಮುಗಿದಿದೆ. ‘ಐ ರೆಡ್ ದಟ್ ಬುಕ್ ಲಾಸ್ಟ್ ವೀಕ್.’ ಕನ್ನಡದ ‘ಓದಿದ್ದೇನೆ’ ನಿಮ್ಮನ್ನು ‘ಹ್ಯಾವ್’ ಕಡೆ ಎಳೆದಿದ್ದರೆ ಎರಡನೆಯ ಹಂತಕ್ಕೆ ಇನ್ನೊಮ್ಮೆ ಹೋಗಿ ಬನ್ನಿ.

ಆರನೆಯದರಲ್ಲಿ ಎರಡೂ ಪಕ್ಕಪಕ್ಕದಲ್ಲಿವೆ. ‘ಶೀ ಹ್ಯಾಸ್ ಬೀನ್ ಲರ್ನಿಂಗ್ ಟು ಡ್ರೈವ್ ಫಾರ್ ಎ ಮಂತ್, ಬಟ್ ಶೀ ಹ್ಯಾಸಂಟ್ ಟೇಕನ್ ದ ಟೆಸ್ಟ್ ಯೆಟ್.’ ಕಲಿಕೆ ನಡೆಯುತ್ತಾ ಬಂದಿದೆ, ಪರೀಕ್ಷೆ ಇನ್ನೂ ಆಗಿಲ್ಲ.